ಭಾಂಡುಪಿನ ಬಸ್ಸೂ ನನ್ನ ಸವಿನಯ ಪ್ರಶ್ನೆಯೂ

ಪ್ರಶ್ನೆ ಕೇಳುವವನಿಗೆ ಧೈರ್ಯ ಬೇಕು. ಉತ್ತರ ಹೇಳುವವನಿಗೆ ಬುದ್ಧಿ ಬೇಕು. ಇಬ್ಬರ ನಡುವೆ ನಿಂತು ಪ್ರಶ್ನೆಯನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವವನಿಗೆ ಒಂದು ಒಳ್ಳೆಯ ಕೋಟು ಇದ್ದರೆ ಸಾಕು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕೋಟು ನನ್ನ ಹತ್ತಿರ ಇತ್ತು. ಮದುವೆಗೆ ಹೊಲಿಸಿದ್ದು. ಗುಂಡಿ ಹಾಕಿದರೆ ಉಸಿರಾಡುವುದು ಕಷ್ಟವಾಗುತ್ತಿತ್ತು, ಅಷ್ಟೇ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ಫ್ಯಾನು ತಯಾರಿಸುವ ಕಂಪನಿ. ಹೆಡ್ ಆಫೀಸು ಬೊಂಬಾಯಿಯ ಪರೇಲಿನಲ್ಲಿ, ಫ್ಯಾಕ್ಟರಿ ಭಾಂಡುಪಿನಲ್ಲಿ, ಮಾಲು ರವಾನಿಸುವ ಡಿಪೋ ವಿಲೆ ಪಾರ್ಲೆಯಲ್ಲಿ. ನಾನು ಹೆಡ್ ಆಫೀಸಿನಲ್ಲಿ ಗಿರಾಕಿಗಳ ದೂರುಗಳಿಗೆ ಉತ್ತರ ಬರೆಯುವ ವಿಭಾಗದವನು. "ನಿಮ್ಮ ಫ್ಯಾನು ತಿರುಗುವುದೇ ಇಲ್ಲ" ಎಂದು ಯಾರಾದರೂ ಬೈದು ಬರೆದರೆ, "ತಾವು ದಯಮಾಡಿ ಗಮನಿಸಿರುವ ಫ್ಯಾನಿನ ವಿಶ್ರಾಂತ ಸ್ಥಿತಿಯ ಕುರಿತು" ಎಂದು ಶುರುಮಾಡಿ ಒಂದೂವರೆ ಪುಟ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದೆ. ಓದಿ ಮುಗಿಸುವ ಹೊತ್ತಿಗೆ ಗಿರಾಕಿಗೆ ತಾನು ದೂರು ಕೊಟ್ಟಿದ್ದೇ ಮರೆತುಹೋಗುತ್ತಿತ್ತು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದವನಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ಲೋಟ ಕಾಫಿ ಬೇಕಾದರೆ, "ಇವತ್ತಿನ ಹಾಲು ಚೆನ್ನಾಗಿದೆ ಅಲ್ವಾ?" ಎಂದು ಕೇಳುತ್ತಿದ್ದೆವು. ಬಯಸಿದ್ದನ್ನು ಬಾಯಿಬಿಟ್ಟು ಕೇಳುವುದು ನಮ್ಮ ಕಡೆ ಅಸಭ್ಯತೆ.

ಒಂದು ದಿನ ಪರ್ಸನೆಲ್ ಮ್ಯಾನೇಜರ್ ಸಬನೀಸ್ ಸಾಹೇಬರು ನನ್ನನ್ನು ಕರೆಸಿದರು.

"ಬಡೇ ಸಾಹೇಬರು ಎಲ್ಲ ನೌಕರರ ಜೊತೆ ಒಟ್ಟಿಗೆ ಮಾತಾಡಬೇಕಂತೆ. ಪರೇಲು, ಭಾಂಡುಪ್, ಪಾರ್ಲೆ ಮೂರೂ ಕಡೆ ಒಂದೇ ಸಲ. ಟೆಲಿಫೋನ್ ಲೈನಿಗೆ ಲೌಡ್‌ಸ್ಪೀಕರ್ ಜೋಡಿಸ್ತೀವಿ. ಸಾಹೇಬರು ಇಲ್ಲಿ ಮಾತಾಡಿದ್ದು ಅಲ್ಲಿ ಕೇಳಿಸುತ್ತೆ. ಆಮೇಲೆ ಪ್ರಶ್ನೋತ್ತರ."

"ಬಹಳ ಉತ್ತಮವಾದ ಆಲೋಚನೆ ಸರ್," ಎಂದೆ.

"ಉತ್ತಮ ಅಲ್ಲ, ಅಪಾಯ! ಕೆಲಸಗಾರರು ನೇರವಾಗಿ ಬಡೇ ಸಾಹೇಬರನ್ನ ಪ್ರಶ್ನೆ ಕೇಳಿದರೆ ನನ್ನ ಗತಿ ಏನು? ಅದಕ್ಕೇ ನಡುವೆ ನೀನು. ಅವರು ಫೋನಿನಲ್ಲಿ ನಿನಗೆ ಹೇಳ್ತಾರೆ. ನೀನು ಒಳ್ಳೇ ಇಂಗ್ಲಿಷಿನಲ್ಲಿ ಸಾಹೇಬರನ್ನ ಕೇಳಬೇಕು. ನಿನ್ನ ಉತ್ತರ ಓದಿದ ಯಾವ ಗಿರಾಕಿಯೂ ಎರಡನೇ ಪತ್ರ ಬರೆದಿಲ್ಲ. ಈ ಕೆಲಸಕ್ಕೆ ನೀನೇ ಸರಿ!"

ನನ್ನ ಎದೆ ಉಬ್ಬಿತು. ಪ್ರಶ್ನೋತ್ತರ ಸಂಯೋಜಕ! ಮೂರು ಕಡೆಯ ಸಭೆಗೆ ಒಬ್ಬನೇ ಸಂಯೋಜಕ! ಆ ಸಂಜೆ ಲೋಕಲ್‌ನಲ್ಲಿ ಯಾರೋ ನನ್ನ ಕಾಲನ್ನು ತುಳಿದಾಗ ನಾನೇ ಅವನಿಗೆ ಧನ್ಯವಾದ ಹೇಳಿದೆ.

ಮನೆಗೆ ಬಂದು ಹೆಂಡತಿಗೆ ಸುದ್ದಿ ಮುಟ್ಟಿಸುವ ಆತುರ. ಆದರೆ ಸುದ್ದಿ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಸರೋಜಾ ನಮ್ಮದೇ ಕಂಪನಿಯ ಟೆಲಿಫೋನ್ ಆಪರೇಟರು. ಪರೇಲಿನ ಆಫೀಸಿನ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು, ತೂತುಗಳಿಂದ ತುಂಬಿದ ಬೋರ್ಡಿಗೆ ವೈರು ಚುಚ್ಚಿ ಚುಚ್ಚಿ ಮೂರು ಕಡೆಯ ಜನರನ್ನು ಮಾತಾಡಿಸುತ್ತಿದ್ದಳು. ಬಡೇ ಸಾಹೇಬರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅವಳ ಧ್ವನಿ ಪರಿಚಿತ. ಅವಳು ಧಾರವಾಡದವಳು. ಅವಳನ್ನು ನೋಡಲು ಹೋದಾಗ ನಾನು ಮಾವನವರ ಮುಂದೆ ಕುಳಿತು ಧಾರವಾಡದ ಹವೆ, ನೀರು, ಮಣ್ಣಿನ ಗುಣ ಇವುಗಳ ಬಗ್ಗೆ ಬಹಳ ಹೊತ್ತು ಮಾತಾಡಿದ್ದೆ. ಕೊನೆಗೆ ಅವರು ತಾಳ್ಮೆಗೆಟ್ಟು, "ಹುಡುಗಿ ಬೇಕೋ ಬ್ಯಾಡೋ, ಅದನ್ನ ಹೇಳ್ರಿ ಮೊದಲ!" ಎಂದಿದ್ದರು. ಅವರ ಮಗಳೂ ಅದೇ ಅಚ್ಚಿನವಳು.

"ನೀವು ಮೈಕ್ ಮುಂದ ನಿಂದರವ್ರು ಅಂತ ಗೊತ್ತಾತು. ಒಂದು ಪ್ರಶ್ನಿ ಮಾತ್ರ ಸರಿಯಾಗಿ ಕೇಳ್ರಿ. ಉಳದದ್ದು ಏನರ ಮಾಡ್ಕೋರಿ," ಎಂದಳು ಸರೋಜಾ.

"ಯಾವ ಪ್ರಶ್ನೆ?"

"ಭಾಂಡುಪಿನ ಹೆಣ್ಮಕ್ಕಳ ಬಸ್ಸಿಂದು."

ಆ ಬಸ್ಸಿನ ವಿಷಯ ನನಗೂ ತಿಳಿದಿತ್ತು. ಫ್ಯಾನಿನ ಮೋಟರಿಗೆ ತಂತಿ ಸುತ್ತುವ ಕೆಲಸವೆಲ್ಲ ಹೆಂಗಸರದು. ಭಾಂಡುಪ್ ಸ್ಟೇಷನ್ನಿನಿಂದ ಫ್ಯಾಕ್ಟರಿಗೆ ಅವರನ್ನು ಕರೆದೊಯ್ದು ತಿರುಗಿ ತಂದುಬಿಡಲು ಕಂಪನಿಯದೊಂದು ಹಳೆಯ ಬಸ್ಸಿತ್ತು. ಅದನ್ನು ಜೂನ್‌ನಿಂದ ನಿಲ್ಲಿಸುತ್ತಾರೆ ಎಂಬ ಗಾಳಿಮಾತು ಹಬ್ಬಿತ್ತು. ಸ್ಟೇಷನ್ನಿಂದ ಫ್ಯಾಕ್ಟರಿಗೆ ಹೋಗುವ ದಾರಿ ದೊಡ್ಡ ನಾಲೆಯ ಪಕ್ಕದ್ದು. ಮಳೆಗಾಲದಲ್ಲಿ ರಸ್ತೆ ಯಾವುದು, ನಾಲೆ ಯಾವುದು ಎಂದು ತಿಳಿಯುತ್ತಿರಲಿಲ್ಲ.

"ನೀಲವ್ವ ದಿನಾ ಫೋನಿನಾಗ ಅಳ್ತಾಳ," ಎಂದಳು ಸರೋಜಾ. "ಬಸ್ಸು ನಿಂತ್ರ ನೌಕರಿ ಬಿಡು ಅಂತ ಆಕಿ ಗಂಡ ಕಡ್ಡಿ ಮುರದಂಗ ಹೇಳ್ಯಾನಂತ. ಆಕಿ ಪಗಾರದ ಮ್ಯಾಲೆ ಎರಡು ಹುಡುಗೂರ ಸಾಲಿ ನಡದದ."

ನೀಲವ್ವ ವಿಜಾಪುರದ ಕಡೆಯವಳು, ತಂತಿ ಸುತ್ತುವ ವಿಭಾಗದ ಹಿರಿಯ ಕೆಲಸಗಾರ್ತಿ. ಆ ವಿಭಾಗದ ಫೋನು ಎತ್ತುವವಳು ಅವಳೇ. ಹಾಗಾಗಿ ಇವಳಿಗೆ ಗೆಳತಿ. ಒಬ್ಬರ ಮುಖವನ್ನು ಒಬ್ಬರು ನೋಡಿರಲಿಲ್ಲ. ಆದರೆ ಮಕ್ಕಳ ಜ್ವರ, ಅತ್ತೆಯ ಕಿರಿಕಿರಿ, ಜೋಳದ ರೊಟ್ಟಿಯ ಹದ ಎಲ್ಲವೂ ಆ ವೈರಿನೊಳಗೆ ಓಡಾಡಿದ್ದವು.

"ನೀನೇನೂ ಯೋಚನೆ ಮಾಡಬೇಡ. ನಾನು ಕೇಳ್ತೀನಿ," ಎಂದೆ.

"ಹೆಂಗ ಕೇಳ್ತೀರಿ?"

"ಸಂದರ್ಭ ನೋಡಿಕೊಂಡು, ಸ್ವಲ್ಪ ನಯವಾಗಿ..."

"ಬ್ಯಾಡ! ನಯಾ ಬ್ಯಾಡ! ಬಸ್ಸು ನಿಲ್ಲಸ್ತೀರೇನು? ನಿಲ್ಲಸಬ್ಯಾಡ್ರಿ. ಇಷ್ಟ ಕೇಳ್ರಿ. ಮುಗೀತು."

"ಅಷ್ಟು ದೊಡ್ಡ ಮನುಷ್ಯರಿಗೆ ಮುಖಕ್ಕೆ ಹೊಡೆದ ಹಾಗೆ ಕೇಳೋಕಾಗುತ್ತೇನೇ? ನಯವಾಗಿ ಕೇಳಿದರೆ ಇಲ್ಲ ಅನ್ನೋಕೆ ಅವರಿಗೇ ಸಂಕೋಚ ಆಗುತ್ತೆ. ಅದೇ ಕಲೆ."

ಸರೋಜಾ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಪಾತ್ರೆ ತೊಳೆಯಲು ಎದ್ದು ಹೋದಳು. ಪಾತ್ರೆಗಳು ಅವಳ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದವು.

ಸಭೆಯ ದಿನ ಬಂತು. ಮೇ ತಿಂಗಳ ಬೊಂಬಾಯಿ. ಕೋಟು ತೊಟ್ಟು ಹೊರಟ ನನ್ನನ್ನು ನೋಡಿ ಬಿಲ್ಡಿಂಗಿನ ಜೋಶಿಬುವಾ, "ಕಾಯ್ ರಾವ್, ಕುಣಾಚಂ ಲಗ್ನ?" ಎಂದು ಕೇಳಿದರು. ಯಾರ ಮದುವೆ ಎಂದು ಅವರಿಗೆ ಕುತೂಹಲ. ನಾನು ಗಂಭೀರವಾಗಿ ನಕ್ಕು ಮುಂದೆ ನಡೆದೆ. ದಾದರಿನ ಸೇತುವೆ ದಾಟುವಷ್ಟರಲ್ಲಿ ಕೋಟು ನನಗಿಂತ ಹೆಚ್ಚು ತೂಗುತ್ತಿತ್ತು.

ಪರೇಲಿನ ಆಫೀಸಿನ ಮೀಟಿಂಗ್ ಹಾಲಿನಲ್ಲಿ ಹೊಸದೊಂದು ಸಮಸ್ಯೆ. ಛಾವಣಿಯ ತುಂಬ ನಮ್ಮದೇ ಕಂಪನಿಯ ಫ್ಯಾನುಗಳು. ಅವುಗಳ ಸದ್ದೆಲ್ಲ ಮೈಕಿನೊಳಗೆ ಹೊಕ್ಕು, ಭಾಂಡುಪಿನಲ್ಲಿ ವಿಮಾನ ಇಳಿದಂತೆ ಕೇಳಿಸುತ್ತದೆ ಎಂದು ಅಲ್ಲಿಂದ ಸುದ್ದಿ ಬಂತು. ಸಬನೀಸರು ಎಲ್ಲ ಫ್ಯಾನುಗಳನ್ನು ಬಂದ್ ಮಾಡಿಸಿದರು. ದೇಶಕ್ಕೆಲ್ಲ ಗಾಳಿ ಮಾರುವ ನಾವು ಬಾಗಿಲು ಕಿಟಕಿ ಮುಚ್ಚಿಕೊಂಡು ಬೆವರಿಳಿಸುತ್ತ ಕುಳಿತೆವು! ವೇದಿಕೆಯ ಮೇಲೆ ಬಡೇ ಸಾಹೇಬರು. ಅವರ ಎಡಕ್ಕೆ ಸಬನೀಸರು. ಬಲಕ್ಕೆ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಮೇಜು, ಮೈಕು, ಕರಿಯ ಫೋನು. ಅವುಗಳ ಹಿಂದೆ ನಾನು.

ಸಾಹೇಬರ ಭಾಷಣ ಸುಸೂತ್ರವಾಗಿ ಮುಗಿಯಿತು. ಭಾಂಡುಪಿನ ಕ್ಯಾಂಟೀನಿನಲ್ಲೂ ಪಾರ್ಲೆಯ ಡಿಪೋದಲ್ಲೂ ಸ್ಪಷ್ಟವಾಗಿ ಕೇಳಿಸಿತಂತೆ. ಸಬನೀಸರು ನನ್ನತ್ತ ಕೈ ಸನ್ನೆ ಮಾಡಿದರು. ಫೋನು ಮೊಳಗಿತು. ನನ್ನ ಮಹಾಯುಗ ಆರಂಭವಾಯಿತು!

ಮೊದಲು ಪಾರ್ಲೆ ಡಿಪೋ. "ಸಾಬ್, ಇಧರ್ ಸಂಡಾಸ್‌ಕಾ ದರ್ವಾಜಾ ಬಂದ್ ನಹೀ ಹೋತಾ. ಏಕ್ ಆದ್ಮೀ ಬಾಹರ್ ಖಡಾ ರಹನಾ ಪಡ್ತಾ," ಎಂದು ಯಾರೋ ಹೇಳಿದರು. ಪಾಯಖಾನೆಯ ಬಾಗಿಲಿಗೆ ಚಿಲಕವಿಲ್ಲ. ಒಳಗೊಬ್ಬ ಹೋದರೆ ಹೊರಗೊಬ್ಬ ಕಾಯಬೇಕು. ಇಂಥ ಮಾತನ್ನು ಬಡೇ ಸಾಹೇಬರ ಮುಂದೆ ಆಡುವುದು ಹೇಗೆ? ನಾನು ಗಂಟಲು ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶ ಇದು: "ಡಿಪೋದ ಬಂಧುಗಳು, ದಿನದ ಕೆಲವು ಅಮೂಲ್ಯ ಕ್ಷಣಗಳಲ್ಲಿ ಮನುಷ್ಯನಿಗೆ ಅಗತ್ಯವಾದ ಏಕಾಂತದ ವಿಷಯದಲ್ಲಿ ತಮ್ಮ ಮಾರ್ಗದರ್ಶನವನ್ನು ಕೋರುತ್ತಾರೆ."

ಬಡೇ ಸಾಹೇಬರ ಮುಖ ಅರಳಿತು. "ಅದ್ಭುತ ಪ್ರಶ್ನೆ! ನಾನೂ ದಿನಾ ಬೆಳಿಗ್ಗೆ ಏಕಾಂತದಲ್ಲಿ ಧ್ಯಾನ ಮಾಡುತ್ತೇನೆ. ಡಿಪೋದವರಿಗೆ ಇಷ್ಟು ಆಸಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಬ್ಬ ಯೋಗ ಮಾಸ್ತರರನ್ನು ಗೊತ್ತುಮಾಡೋಣ!"

ಹಾಲಿನಲ್ಲಿ ಚಪ್ಪಾಳೆ. ಮೊದಲು ತಟ್ಟಿದವನು ನಾನೇ. ಸಬನೀಸರು ನನಗೆ ಕಣ್ಣಿನಲ್ಲೇ ಶಹಬ್ಬಾಸ್ ಎಂದರು.

ಎರಡನೆಯದು ಭಾಂಡುಪಿನ ಕ್ಯಾಂಟೀನಿನದು. ದಾಲ್‌ನಲ್ಲಿ ಬೇಳೆಯೇ ಇಲ್ಲ, ಬರೀ ನೀರು ಎಂಬ ದೂರು. ನಾನು ಅದನ್ನು, "ಊಟದಲ್ಲಿ ದ್ರವಾಂಶದ ಸ್ಥಾನವೇನು ಎಂಬುದನ್ನು ತಿಳಿಯುವ ಹಂಬಲ" ಎಂದು ದಾಟಿಸಿದೆ. ಬೊಂಬಾಯಿಯ ಸೆಕೆಯಲ್ಲಿ ದ್ರವ ಪದಾರ್ಥ ಎಷ್ಟಿದ್ದರೂ ಕಡಿಮೆಯೇ ಎಂದು ಸಾಹೇಬರು ಹಣೆಯ ಬೆವರು ಒರೆಸಿಕೊಳ್ಳುತ್ತ ಹೇಳಿದರು. "ಇನ್ನೂ ಹೆಚ್ಚಿಸಲು ಕ್ಯಾಂಟೀನಿಗೆ ಸೂಚನೆ ಕೊಡುತ್ತೇನೆ!"

ಮತ್ತೆ ಚಪ್ಪಾಳೆ. ದೂರು ಕೊಟ್ಟವರು ಆಗ ಭಾಂಡುಪಿನಲ್ಲಿ ಏನು ತಟ್ಟಿಕೊಂಡರೋ ನಾನರಿಯೆ. ನನಗಂತೂ ಆಕಾಶಕ್ಕೆ ಮೂರೇ ಗೇಣು. ಒಬ್ಬರಿಗೂ ನೋವಾಗದಂತೆ ಎರಡು ಸಮಸ್ಯೆ ದಾಟಿಸಿದ್ದೆ. ಮೂರನೆಯ ಸಲ ಫೋನು ಮೊಳಗಿತು.

"ನಮಸ್ಕಾರ್ರೀ, ನಾನು ನೀಲವ್ವ ಮಾತಾಡಾಕ್ಹತ್ತೀನ್ರಿ. ಬಸ್ಸಿನ ಮಾತು ಕೇಳ್ತೀರಲ್ರಿ?"

"ಖಂಡಿತ ಕೇಳ್ತೀನಿ ತಾಯಿ."

"ಗಟ್ಟಿಸಿ ಕೇಳ್ರಿ ಯಪ್ಪಾ. ಎಲ್ಲಾರೂ ಇಲ್ಲೇ ಕುಂತೀವ್ರಿ. ನಿಮ್ಮ ಮ್ಯಾಲೇ ಜೀವಾ ಇಟ್ಟೀವ್ರಿ."

ಇಂಥ ಜನರಿಗಾಗಿ ನನ್ನ ಅತ್ಯುತ್ತಮ ಇಂಗ್ಲಿಷನ್ನೇ ತೆಗೆಯಬೇಕು ಎಂದು ನಿರ್ಧರಿಸಿದೆ. ಅಲ್ಲೇ ಎಡವಿದ್ದು. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು (ಗುಂಡಿ ಹಾಕಿದ ಮೇಲೆ ಬೇರೆ ದಾರಿಯಿರಲಿಲ್ಲ) ಹೇಳಿದೆ: "ಭಾಂಡುಪಿನ ಸಹೋದರಿಯರು, ಮುಂಬರುವ ಋತುವಿನಲ್ಲಿ ಸಾರಿಗೆಯ ಸಂಬಂಧವಾಗಿ ಆಡಳಿತವರ್ಗವು ಹೊಂದಿರಬಹುದಾದ ದೂರದೃಷ್ಟಿಯನ್ನು ಕೇಳಿ ಕೃತಾರ್ಥರಾಗಲು ಕಾತರದಿಂದಿದ್ದಾರೆ."

ಬಡೇ ಸಾಹೇಬರಿಗೆ ಆನಂದವೋ ಆನಂದ. "ಈ ವಿಷಯ ಹೇಳುವುದು ಹೇಗೆ ಎಂದು ನಾನೇ ಹಿಂಜರಿಯುತ್ತಿದ್ದೆ. ಸಹೋದರಿಯರೇ ಮುಂದೆ ಬಂದು ಕೇಳಿದರು! ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗಬೇಕು. ಬಸ್ಸಿನ ಬದಲು ಮಾಲು ಸಾಗಿಸಲು ಹೊಸ ಟ್ರಕ್ಕು ತರುತ್ತೇವೆ." ಭಾಂಡುಪಿನವರಿಗೆ ಇಂಗ್ಲಿಷು ತಿಳಿಯಲಿಕ್ಕಿಲ್ಲವೆಂದು ಅವರೇ ಹಿಂದಿಯಲ್ಲೂ ಹೇಳಿದರು. "ಪಹಲೀ ಜೂನ್ ಸೇ ಬಸ್ ಬಂದ್! ಆಪ್ ಬಹನೋಂಕಾ ಬಹುತ್ ಬಹುತ್ ಶುಕ್ರಿಯಾ!"

ನನ್ನ ಎರಡು ಕೈಗಳು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟವು!

ಹಾಲಿನಲ್ಲಿದ್ದವರೆಲ್ಲ ನನ್ನನ್ನು ಅನುಸರಿಸಿದರು. ಬಸ್ಸು ನಿಂತ ಸಂತೋಷದ ಚಪ್ಪಾಳೆ ಟೆಲಿಫೋನ್ ತಂತಿಯಲ್ಲಿ ಹರಿದು ಭಾಂಡುಪಿನ ಕ್ಯಾಂಟೀನಿನಲ್ಲಿ ಮೊಳಗಿತು. ಆಗ ನಾನು ತಟ್ಟಿದ್ದು ಏತಕ್ಕೆ ಎಂಬುದು ಹೊಳೆದು ಕೈಗಳು ಗಾಳಿಯಲ್ಲೇ ನಿಂತವು. ಬೆನ್ನ ಹುರಿ ತಣ್ಣಗಾಯಿತು. ಆ ದಿನ ಹಾಲಿನಲ್ಲಿ ತಣ್ಣಗಾಗಿದ್ದ ವಸ್ತು ಅದೊಂದೇ.

ಮರುಗಳಿಗೆಯಲ್ಲಿ ಲೌಡ್‌ಸ್ಪೀಕರಿನಿಂದ ಒಂದು ಧ್ವನಿ ಸಿಡಿಯಿತು.

"ಏನ್ರೀ ಇದು!"

ನನ್ನ ಧರ್ಮಪತ್ನಿ! ಅವಳು ತನ್ನ ವೈರನ್ನು ನನ್ನ ಫೋನಿನ ತೂತಿಗೆ ಚುಚ್ಚುವ ಬದಲು ಸಭೆಯ ತೂತಿಗೆ ಚುಚ್ಚಿದ್ದಳು. ಸಿಟ್ಟಿನಲ್ಲಿ ಕೈತಪ್ಪಿತೋ, ಬೇಕೆಂದೇ ಚುಚ್ಚಿದಳೋ ಇಂದಿಗೂ ಬಾಯಿಬಿಟ್ಟಿಲ್ಲ. ಪರೇಲು, ಭಾಂಡುಪ್, ಪಾರ್ಲೆ ಮೂರೂ ಕಡೆ ನಮ್ಮ ಸಂಸಾರ ನೇರ ಪ್ರಸಾರವಾಗತೊಡಗಿತು.

"ನಾ ಏನ್ ಕೇಳ್ರಿ ಅಂದಿದ್ದೆ, ನೀವೇನ್ ಕೇಳಿದ್ರಿ? ಬಸ್ಸು ನಿಲ್ಲಸ್ರೀ ಅಂತ ಹಾರ ಹಾಕಿ ಬೇಡ್ಕೊಂಡಂಗ ಆತಲ್ರೀ! ಮ್ಯಾಲೆ ಚಪ್ಪಾಳಿ ಬ್ಯಾರೆ!"

"ಸರೋಜಾ, ಈಗ ಸ್ವಲ್ಪ... ನೋಡು, ನಾನು ಆ ವಿಷಯವನ್ನ ಪ್ರಸ್ತಾಪ ಮಾಡಿದ ರೀತಿಯಲ್ಲಿ..."

"ನಿಮಗ ಒಂದು ಪ್ರಶ್ನಿ ಕೇಳಲಿಕ್ಕೂ ಬರೂದಿಲ್ಲ!"

ಇಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದುದೇ ನನ್ನ ಪಾಲಿನ ಪುಣ್ಯ ಎಂದುಕೊಂಡೆ. ಬಡೇ ಸಾಹೇಬರು ಬೆರಗಾಗಿ ನನ್ನತ್ತ ತಿರುಗಿದರು. "ಆಪರೇಟರ್ ಏನು ಹೇಳುತ್ತಿದ್ದಾರೆ?"

ಸಂಯೋಜಕನ ಕರ್ತವ್ಯ ನೆನಪಾಯಿತು. ಎಂಥ ಮಾತನ್ನೂ ನಯವಾಗಿ ದಾಟಿಸಬೇಕು. "ಸರ್, ಲೈನಿನ ಸ್ಪಷ್ಟತೆಯ ಬಗ್ಗೆ ಆಕೆ ಒಂದಿಷ್ಟು ಕಳಕಳಿ ವ್ಯಕ್ತಪಡಿಸುತ್ತಿದ್ದಾರೆ," ಎಂದು ಗಡಿಬಿಡಿಯಲ್ಲಿ ಹಿಂದಿಯಲ್ಲೇ ಹೇಳಿಬಿಟ್ಟೆ.

"ನಹೀ ಸಾಬ್! ಝೂಟ್!"

ಇದು ಇನ್ನೊಂದು ಧ್ವನಿ. ಹಾಲಿನ ಗೋಡೆಗಳೇ ಮಾತಾಡಿದಂತಿತ್ತು. ಸರೋಜಾ ಅಷ್ಟರಲ್ಲಿ ಭಾಂಡುಪ್ ಮತ್ತು ಪಾರ್ಲೆಯ ಫೋನುಗಳನ್ನೂ ಸಭೆಯ ತೂತಿಗೆ ಸೇರಿಸಿದ್ದಳು. ಕ್ಯಾಂಟೀನಿನ ಫೋನು ಹಿಡಿದು ನಿಂತಿದ್ದ ನೀಲವ್ವ ತನ್ನ ಭಾಂಡುಪಿನ ಹಿಂದಿಯಲ್ಲಿ ಗುಡುಗಿದಳು. "ವೋ ಉಸ್ಕಾ ಬಾಯ್ಕೋ ಹೈ ಸಾಬ್! ಬೋಲ್ತೀ ಹೈ, ಇಸ್ಕೋ ಸವಾಲ್ ಪೂಛನಾ ನಹೀ ಆತಾ!"

ಅವಳು ಅವನ ಹೆಂಡತಿ, ಇವನಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎನ್ನುತ್ತಿದ್ದಾಳೆ! ನನ್ನ ಜೀವಮಾನದಲ್ಲಿ ಅಷ್ಟು ನಿಖರವಾದ ಅನುವಾದವನ್ನು ನಾನು ಕೇಳಿರಲಿಲ್ಲ. ಮುಂದಿನ ಸಾಲಿನ ಅಕೌಂಟೆಂಟ್ ನಕ್ಕ. ಅವನ ಹಿಂದಿನವರು ನಕ್ಕರು. ಪಾರ್ಲೆಯ ನಗು ಲೈನಿನಲ್ಲಿ ಬಂದು ಪರೇಲಿನ ನಗುವಿಗೆ ಕೂಡಿಕೊಂಡಿತು. ಸಬನೀಸರು ಮಾತ್ರ ನಗಲಿಲ್ಲ. ಅವರು ನನ್ನನ್ನು ಕಣ್ಣಿನಲ್ಲೇ ಡಿಸ್ಮಿಸ್ ಮಾಡುತ್ತಿದ್ದರು.

ಬಡೇ ಸಾಹೇಬರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಬಹನ್, ನಿಮ್ಮ ಪ್ರಶ್ನೆ ಏನಿತ್ತು?" ಎಂದು ಹಿಂದಿಯಲ್ಲಿ ಕೇಳಿದರು.

ನೀಲವ್ವ ಮುಲಾಜಿಲ್ಲದೆ ಕೇಳಿದಳು. "ಸಾಬ್, ಬಸ್ ಬಂದ್ ಕರೇಗಾ ತೋ ಹಮ್ ಆಯೇಗಾ ಕೈಸೇ? ಬಾರಿಶ್ ಮೇ ನಾಲಾ ಊಪರ್ ಆತಾ. ಪಿಛಲೇ ಸಾಲ್ ಏಕ್ ಬಾಯೀ ಗಿರ್ ಗಯೀ. ಹಮ್ ಕೋ ನೌಕರೀ ಛೋಡ್ನಾ ಪಡೇಗಾ. ಬೋಲೋ ಸಾಬ್, ಬಸ್ ಚಲೇಗಾ ಕ್ಯಾ ನಹೀ?"

ಬಸ್ಸು ನಿಂತರೆ ಬರುವುದು ಹೇಗೆ, ನೌಕರಿಯನ್ನೇ ಬಿಡಬೇಕಾಗುತ್ತದೆ, ಬಸ್ಸು ಓಡುತ್ತದೋ ಇಲ್ಲವೋ ಹೇಳಿ! ಹೋದ ಮಳೆಗಾಲದಲ್ಲಿ ಒಬ್ಬಳು ನಾಲೆಗೆ ಬಿದ್ದ ಸುದ್ದಿ ಪರೇಲಿನವರಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ನನಗೆ ನಾಚಿಕೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಬಡೇ ಸಾಹೇಬರು ಸಬನೀಸರತ್ತ ನೋಡಿದರು.

"ಬಸ್ಸಿನಲ್ಲಿ ಯಾರೂ ಇರುವುದಿಲ್ಲ, ಖಾಲಿ ಓಡಾಡುತ್ತದೆ ಎಂದಿರಲ್ಲ?"

"ಸರ್, ನಾನೇ ಹೋಗಿ ನೋಡಿದ್ದೆ. ಮಧ್ಯಾಹ್ನ ಪೂರಾ ಖಾಲಿ ಇತ್ತು," ಎಂದರು ಸಬನೀಸರು.

ಲೌಡ್‌ಸ್ಪೀಕರು ತಡಮಾಡಲಿಲ್ಲ. "ದುಪಹರ್ ಕೋ ಹಮ್ ಫ್ಯಾಕ್ಟರೀ ಮೇ ಕಾಮ್ ಕರ್ತಾ ನಾ ಸಾಬ್! ಬಸ್ ಮೇ ಕೈಸೇ ಬೈಠೇಗಾ?"

ಮಧ್ಯಾಹ್ನ ಕೆಲಸ ಮಾಡುತ್ತಿದ್ದವರು ಬಸ್ಸಿನಲ್ಲಿ ಕೂರುವುದಾದರೂ ಹೇಗೆ? ಈ ಸಲ ಮೊದಲು ನಕ್ಕವರು ಬಡೇ ಸಾಹೇಬರು. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಮೈಕು ಹತ್ತಿರ ಎಳೆದುಕೊಂಡರು. "ಬಸ್ ಚಲೇಗಾ! ಬಾರಿಶ್ ಮೇ ಭೀ ಚಲೇಗಾ, ಬಾರಿಶ್ ಕೇ ಬಾದ್ ಭೀ ಚಲೇಗಾ!"

ಬಸ್ಸು ಮಳೆಗಾಲದಲ್ಲೂ ಓಡುತ್ತದೆ, ಆಮೇಲೂ ಓಡುತ್ತದೆ! ಭಾಂಡುಪಿನಿಂದ ಬಂದ ಸದ್ದಿಗೆ ನಮ್ಮ ಲೌಡ್‌ಸ್ಪೀಕರು ಒಮ್ಮೆ ನಡುಗಿತು. ಅಷ್ಟು ಹೆಂಗಸರು ಒಟ್ಟಿಗೆ ಕೂಗಿ, ತಟ್ಟೆ ಬಡಿದು, ಸೀಟಿ ಹೊಡೆದು ಸಂತೋಷಪಟ್ಟಿದ್ದನ್ನು ಅದು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಆ ಗದ್ದಲದ ನಡುವೆ, ಕಿಟಕಿಯಿಲ್ಲದ ಕೋಣೆಯಿಂದ ಸರೋಜಾಳ ಮೂಗು ಸೀಟುವ ಸದ್ದೂ ಸ್ಪಷ್ಟವಾಗಿ ಪ್ರಸಾರವಾಯಿತು. ಅವಳು ಅಳುತ್ತಿದ್ದಳು. ನನ್ನ ಕಣ್ಣೂ ಮಂಜಾಯಿತು. ಕೋಟಿನ ಗುಂಡಿ ಆಗಲೇ ಕಿತ್ತುಕೊಂಡು ಸಾಹೇಬರ ಕಾಲ ಬಳಿ ಬಿತ್ತು.

ಆಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ. ಪಾರ್ಲೆಯವರು, "ಸಾಬ್, ಯೋಗಾ ನಹೀ ಮಾಂಗತಾ! ದರ್ವಾಜೇ ಕೋ ಕಡೀ ಮಾಂಗತಾ!" ಎಂದು ನೇರವಾಗಿ ಚಿಲಕ ಕೇಳಿದರು. ಚಿಲಕ ಮಂಜೂರಾಯಿತು. ಭಾಂಡುಪಿನವರು ಒಂದು ಚಮಚ ದಾಲನ್ನು ಫೋನಿನ ಹತ್ತಿರ ಹಿಡಿದು ಸುರಿದು, ಅದರ ಸದ್ದನ್ನೇ ಸಾಹೇಬರಿಗೆ ಕೇಳಿಸಿದರು. ನಲ್ಲಿಯ ನೀರು ಬಿದ್ದಂತೆ ಕೇಳಿಸಿತು. ಬೇಳೆ ಹೆಚ್ಚಿಸಲು ಅಪ್ಪಣೆಯಾಯಿತು. ಯಾರೋ ಎದ್ದು, ದಯವಿಟ್ಟು ಈ ಹಾಲಿನ ಫ್ಯಾನು ಹಾಕಿಸಿ ಎಂದು ಕೇಳಿದರು. ಅದೂ ಮಂಜೂರಾಯಿತು. ಸಬನೀಸರೇ ಹೋಗಿ ಸ್ವಿಚ್ಚು ಒತ್ತಿದರು. ಕಂಪನಿಯ ಫ್ಯಾನುಗಳು ಗಿರ್ರನೆ ತಿರುಗಿ, ನನ್ನ ಮೇಜಿನ ಮೇಲಿದ್ದ, ಪರೇಲಿನವರು ಬರೆದುಕೊಟ್ಟ ಪ್ರಶ್ನೆಗಳ ಚೀಟಿಗಳನ್ನೆಲ್ಲ ಹಾರಿಸಿಕೊಂಡು ಹೋದವು. ಅವುಗಳನ್ನು ಹಿಡಿಯುವ ಅಗತ್ಯವೂ ಇರಲಿಲ್ಲ.

ಸಭೆ ಮುಗಿದ ಮೇಲೆ ಬಡೇ ಸಾಹೇಬರು ನನ್ನ ಬಳಿ ಬಂದರು. ನಾನು ರಾಜೀನಾಮೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ನಯಗೊಳಿಸುತ್ತಿದ್ದೆ.

"ಇಷ್ಟು ಜೀವಂತವಾದ ಸಭೆಯನ್ನು ನಾನು ನೋಡಿಯೇ ಇಲ್ಲ!" ಎಂದು ನನ್ನ ಕೈ ಕುಲುಕಿದರು. "ಮೊದಲು ಬೇಸರದ ಪ್ರಶ್ನೆ ಕೇಳಿ, ಆಮೇಲೆ ಒಮ್ಮೆಲೇ ನೇರ ಪ್ರಶ್ನೆ! ಗಂಡ ಹೆಂಡತಿ ಸೇರಿ ಎಷ್ಟು ಚೆನ್ನಾಗಿ ಯೋಜನೆ ಮಾಡಿದ್ದೀರಿ!"

ಯೋಜನೆ! ನಾನು ಅಲ್ಲಗಳೆಯಲು ಹೊರಟೆ. ಆದರೆ ನನ್ನ ನಯವಾದ ಅಲ್ಲಗಳೆಯುವಿಕೆ ಅವರಿಗೆ ವಿನಯದಂತೆ ಕೇಳಿಸಿ, ಅವರು ಇನ್ನಷ್ಟು ಜೋರಾಗಿ ಕೈ ಕುಲುಕಿದರು. ಸಬನೀಸರು ಮೂಲ ಆಲೋಚನೆ ತಮ್ಮದೇ ಎಂದು ಪಕ್ಕದಲ್ಲೇ ಸೇರಿಸಿದರು. ಒಂದು ವಾರ ನಾನು ಪರೇಲಿನ ವೀರಪುರುಷ! ಲಿಫ್ಟಿನವನು ನನಗಾಗಿ ಬಾಗಿಲು ಹಿಡಿದು ನಿಂತ. ಕ್ಯಾಂಟೀನಿನಲ್ಲಿ ಎರಡು ವಡೆ ಕೇಳದೆಯೇ ಬಂದವು. ಜೋಶಿಬುವಾ ಬಿಲ್ಡಿಂಗಿನ ನೀರಿನ ಸಭೆಗೆ ನನ್ನನ್ನೇ ಅಧ್ಯಕ್ಷನಾಗಲು ಕರೆದರು.

"ಏನೇ ಹೇಳು, ಸುತ್ತಿ ಬಳಸಿಯಾದರೂ ಬಸ್ಸು ಉಳಿಸಿದವನು ನಾನೇ," ಎಂದೆ ಸರೋಜಾಳಿಗೆ.

"ಹೌದ್ರೀ. ನೀವು ಹಂಗ ಕೇಳದಿದ್ರ ನನಗ ಅಷ್ಟು ಸಿಟ್ಟು ಬರ್ತಿದ್ದಿಲ್ಲ," ಎಂದು ಅವಳು ಒಪ್ಪಿಕೊಂಡಳು. ನಾನು ಅದನ್ನು ಪ್ರಶಂಸೆ ಎಂದೇ ಸ್ವೀಕರಿಸಿದೆ.

ಜೂನ್ ಬಂತು. ಮಳೆಯೂ ಬಂತು. ಬಸ್ಸು ಮುಂದುವರಿದ ಸಂತೋಷಕ್ಕೆ ಪೂಜೆ ಇಟ್ಟುಕೊಂಡಿದ್ದೇವೆ, ಫ್ಯಾಕ್ಟರಿಗೆ ಬನ್ನಿ ಎಂದು ನೀಲವ್ವ ನಮ್ಮಿಬ್ಬರನ್ನೂ ಕರೆದಳು. ಇಬ್ಬರೂ ರಜೆ ಹಾಕಿ ಹೊರಟೆವು. ದಾರಿಯುದ್ದಕ್ಕೂ ನಾನು ಒಂದು ಪುಟ್ಟ ಭಾಷಣವನ್ನು ಬಾಯಿಪಾಠ ಮಾಡಿಕೊಂಡೆ. ಹಾರ ಹಾಕುವಾಗ ತಲೆ ಎಷ್ಟು ಬಗ್ಗಿಸಬೇಕು ಎಂಬುದನ್ನೂ ಯೋಚಿಸಿದೆ.

ಭಾಂಡುಪ್ ಸ್ಟೇಷನ್ನಿನ ಹೊರಗೆ ಬಸ್ಸು ನಿಂತಿತ್ತು. ಅದಕ್ಕೆ ಚೆಂಡು ಹೂವಿನ ಹಾರ. ಬಾಗಿಲಲ್ಲಿ ಒಬ್ಬ ದಪ್ಪನೆಯ ಹೆಂಗಸು ಅತ್ತಿತ್ತ ನೋಡುತ್ತ ನಿಂತಿದ್ದಳು. ಸರೋಜಾ ಅನುಮಾನದಿಂದ, "ನೀಲವ್ವಾ?" ಎಂದಳು.

"ಯವ್ವಾ! ಅದ ಧ್ವನಿ! ಬಾಯಾರ, ನೀವೇನ್ರೀ!"

ಇಬ್ಬರೂ ಮಳೆಯಲ್ಲೇ ಅಪ್ಪಿಕೊಂಡರು. ವರ್ಷಗಟ್ಟಲೆ ವೈರಿನೊಳಗೆ ಮಾತಾಡಿದ ಇಬ್ಬರು ಈಗ ಎದುರಾಬದುರು ನಿಂತಿದ್ದರು. ಒಬ್ಬರ ಮುಖವನ್ನು ಒಬ್ಬರು ಸವರಿ ನೋಡಿಕೊಂಡರು. ಬಸ್ಸಿನೊಳಗಿನ ಹೆಂಗಸರೆಲ್ಲ ಕೈ ಚಾಚಿ ಸರೋಜಾಳನ್ನು ಮೇಲಕ್ಕೆ ಎಳೆದುಕೊಂಡರು. ನನಗೆ ಹೃದಯ ತುಂಬಿ ಬಂತು. ನಾನೂ ಮೆಟ್ಟಿಲ ಮೇಲೆ ಕಾಲಿಟ್ಟೆ.

ಡ್ರೈವರು ತಲೆ ಹೊರಹಾಕಿದ. "ಓ ಸಾಹೇಬ್, ಬಾಯಕಾಂಚೀ ಗಾಡೀ ಆಹೇ. ಖಾಲೀ ಉತರಾ!"

ಹೆಂಗಸರ ಬಸ್ಸು, ಕೆಳಗಿಳಿ ಎಂಬ ಆಜ್ಞೆ! ನಾನು ಉಳಿಸಿದ ಬಸ್ಸು! ಇಳಿದೆ. ಈ ಬಸ್ಸಿಗೂ ನನಗೂ ಇರುವ ಸಂಬಂಧವನ್ನು ಅವನಿಗೆ ತಿಳಿಸುವುದು ಅಗತ್ಯವೆನಿಸಿತು. "ಭಾಯೀಸಾಬ್, ಈ ವಾಹನವು ಇಂದು ಚಾಲನೆಯಲ್ಲಿರುವುದರ ಹಿನ್ನೆಲೆಯನ್ನು ತಾವು ಗಮನಕ್ಕೆ ತೆಗೆದುಕೊಳ್ಳುವುದಾದರೆ, ಈ ದಿನದ ಮಟ್ಟಿಗೆ ಆಸನ ವ್ಯವಸ್ಥೆಯಲ್ಲಿ ಒಂದಿಷ್ಟು..." ಎಂದು ನನಗೆ ಬರುವ ಶುದ್ಧ ಹಿಂದಿಯಲ್ಲಿ ಆರಂಭಿಸಿದೆ.

ನಾನು ಆಸನ ವ್ಯವಸ್ಥೆಗೆ ತಲುಪುವ ಹೊತ್ತಿಗೆ ಬಸ್ಸು ತಿರುವಿಗೆ ತಲುಪಿತ್ತು.

ಮಳೆ ಜೋರಾಯಿತು. ನಾಲೆಯ ನೀರು ರಸ್ತೆಗೆ ಏರುತ್ತಿತ್ತು. ನಾನು ಪ್ಯಾಂಟು ಮಡಚಿಕೊಂಡು ಓಡಿದೆ. ಮೈಸೂರು ಮರೆತೆ. ಮನೆತನ ಮರೆತೆ. ಜೀವನದಲ್ಲಿ ಮೊಟ್ಟಮೊದಲ ಬಾರಿಗೆ, ಬೇಕಾದ್ದನ್ನು ಬಾಯಿಬಿಟ್ಟು ಕೂಗಿದೆ.

"ನಿಲ್ಲಸ್ರೀ!"

ಬಸ್ಸು ನಿಂತಿತು! ನನ್ನ ಸಂತೋಷಕ್ಕೆ ಪಾರವೇ ಇಲ್ಲ. ನೇರವಾಗಿ ಕೇಳಿದರೆ ಸಿಗುತ್ತದೆ! ಏದುಸಿರು ಬಿಡುತ್ತ ಬಾಗಿಲ ಬಳಿ ಹೋದೆ. ಬಾಗಿಲು ತೆರೆಯಲಿಲ್ಲ. ಹಿಂದಿನ ಕಿಟಕಿ ತೆರೆಯಿತು. ಅದರಿಂದ ಸರೋಜಾಳ ಕೈ ಹೊರಬಂತು. ಕೈಯಲ್ಲಿ ಅವಳ ಗುಲಾಬಿ ಹೂವಿನ ಕೊಡೆ.

"ತೊಗೋರಿ. ನಡಕೋತ ಬರ್ರಿ, ಊಟಕ್ಕ ಮುಟ್ಟತೀರಿ," ಎಂದಳು. ಒಳಗೆಲ್ಲ ನಗು, ಹಾಡು, ಬಳೆಯ ಸದ್ದು. ಬಸ್ಸು ಹೊರಟುಹೋಯಿತು.

ಗುಲಾಬಿ ಹೂವಿನ ಕೊಡೆ ಹಿಡಿದು, ಮೊಣಕಾಲುದ್ದ ನೀರಿನಲ್ಲಿ, ರಸ್ತೆ ಯಾವುದು ನಾಲೆ ಯಾವುದು ಎಂದು ಕಾಲಿನಿಂದಲೇ ತಡವಿಕೊಳ್ಳುತ್ತ ನಾನು ನಡೆದೆ. ಆ ದಾರಿಯಲ್ಲಿ ಬಸ್ಸು ಬೇಕೋ ಬೇಡವೋ ಎಂದು ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ, ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡುತ್ತಿದ್ದೆ.

ಯಾರೂ ಕೇಳಲಿಲ್ಲ.